ಭಿಶಿ ದುಡ್ಡು ಬಂದಿದೆ. ಪಿಎಸ್5 ಈಗಲೇ ತಗೊಳ್ಳಲಾ, ಬೆಲೆ ಇಳಿಯಲಿ ಅಂತ ಕಾಯಲಾ?

ಉಣಕಲ್ ಸಂಜೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಆಫೀಸಿನ ಭಿಶಿ, ಅಂದರೆ ಚೀಟಿ, ಈ ತಿಂಗಳು ನನ್ನ ಪಾಲಿಗೆ ಬಂತು, 60 ಸಾವಿರ. ಮಗ ಎಂಟನೇ ಕ್ಲಾಸು. ಹೋದ ವರ್ಷದ ಗಣಪತಿ ಹಬ್ಬದಿಂದ ಮನೆಯಲ್ಲಿ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಆಡುವ ಗೇಮ್ ಮಶಿನ್, ಅಂದರೆ ಕನ್ಸೋಲ್) ಜಪ ನಡೆದಿದೆ. ಡಿಸ್ಕ್ ಹಾಕುವ ಮಾಡೆಲ್‌ಗೆ ಈಗ, 2025ರ ಕೊನೆಗೆ, 54,990. ದೀಪಾವಳಿ ಆಫರ್ ಇದ್ದಾಗ ದುಡ್ಡಿರಲಿಲ್ಲ, ಈಗ ದುಡ್ಡಿದೆ, ಆಫರ್ ಇಲ್ಲ. ನನ್ನ ನಸೀಬೇ ಹಾಗೆ.

ಪ್ರಶ್ನೆ ಇಷ್ಟೇ. ಈ ಮಶಿನ್ ಬಂದು ಐದು ವರ್ಷ ಆಯ್ತು. ಟಿವಿ, ಮೊಬೈಲ್ ಎಲ್ಲ ಹಳೇದಾದಂತೆ ಬೆಲೆ ಇಳಿಯುತ್ತೆ. ಇದ್ಯಾಕೆ ಇಳಿದಿಲ್ಲ? ಇನ್ನೊಂದು ಆರು ತಿಂಗಳು ಕಾದರೆ 40 ಸಾವಿರಕ್ಕೆ ಬರುತ್ತಾ? ಮನೆಯವಳು ಹೇಳುವುದು, "ಅಷ್ಟರೊಳಗೆ ಆ ದುಡ್ಡು ಎಲ್ಲಿಗೋ ಹೋಗಿರುತ್ತೆ, ನಂಗೊತ್ತು" ಅಂತ. ಅದೂ ಸುಳ್ಳಲ್ಲ.

ಗೋಕುಲ್ ರೋಡ್ ಪಂಟರ್

ಕಾಯಿರಿ ಸರ್. ಮುಂದಿನ ವರ್ಷ ಇಳಿದೇ ಇಳಿಯುತ್ತೆ. ಪಿಎಸ್4 ಇಳಿಯಲಿಲ್ವಾ? ಐದು ವರ್ಷದ ಹಳೇ ಮಾಲಿಗೆ ಯಾರು ರೀ 55 ಸಾವಿರ ಕೊಡ್ತಾರೆ.

ಹಳೇ ಕ್ಯಾಸೆಟ್ (ಧಾರವಾಡ)

ಕಾಯುವ ಲೆಕ್ಕ ತಪ್ಪಲ್ಲ ಪಂಟರ್ ತಮ್ಮಾ, ಆದರೆ ಹಳೇ ಲೆಕ್ಕ. ನಾನು ಆ ಲೆಕ್ಕದಲ್ಲೇ ಬೆಳೆದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದಿ.

1995ರ ಮೇ ತಿಂಗಳು. ಅಮೆರಿಕದಲ್ಲಿ ಗೇಮ್ ಕಂಪನಿಗಳ ದೊಡ್ಡ ಜಾತ್ರೆ, ಇ3. ಸೋನಿಯ ಎದುರಾಳಿ ಸೆಗಾದವರು ವೇದಿಕೆಗೆ ಬಂದು ನಮ್ಮ ಸ್ಯಾಟರ್ನ್ ಮಶಿನ್ ಇವತ್ತಿನಿಂದಲೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್ ಅಂದರು. ಆಮೇಲೆ ಸೋನಿ ಕಡೆಯ ಸ್ಟೀವ್ ರೇಸ್ ಮೈಕ್ ಮುಂದೆ ಬಂದವರು "299" ಅಂತ ಒಂದು ಅಂಕಿ ಹೇಳಿ ಇಳಿದು ಹೋದರು. ಅಷ್ಟೇ ಭಾಷಣ. ಪ್ಲೇಸ್ಟೇಷನ್ ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ, ಸೆಪ್ಟೆಂಬರ್‌ನಲ್ಲಿ ಬಂತು. ಮುಂದಿನ ಮೇನಲ್ಲಿ 199, ಅದರ ಮುಂದಿನ ಮಾರ್ಚ್‌ನಲ್ಲಿ 149. ಒಂದೂವರೆ ವರ್ಷದಲ್ಲಿ ಬೆಲೆ ಅರ್ಧ.

ಪಿಎಸ್2 ಅದೇ ದಾರಿ. 2000ದಲ್ಲಿ 299 ಡಾಲರ್, 2002ರಲ್ಲಿ 199, ಆಮೇಲೆ 179, 149, 129, ಕೊನೆಗೆ 2009ರಲ್ಲಿ 99. ಇದರಲ್ಲಿ 2002ರ ಕಥೆ ಮಜಾ ಇದೆ. ಮೇ 14ಕ್ಕೆ ಸೋನಿ 100 ಡಾಲರ್ ಇಳಿಸಿತು. ಮರುದಿನವೇ ಮೈಕ್ರೋಸಾಫ್ಟ್ ತನ್ನ ಮಶಿನ್ ಎಕ್ಸ್‌ಬಾಕ್ಸ್ ಬೆಲೆಯನ್ನು 299ರಿಂದ 199ಕ್ಕೆ ತಂದಿತು. ವಾರದೊಳಗೆ ನಿಂಟೆಂಡೊ ಗೇಮ್‌ಕ್ಯೂಬ್ ಅನ್ನು 149 ಮಾಡಿತು. ದುರ್ಗದ ಬೈಲಿನಲ್ಲಿ ಸಂಜೆ ಒಬ್ಬ ಟೊಮೆಟೊ ಕಿಲೋಕ್ಕೆ ಐದು ರೂಪಾಯಿ ಇಳಿಸಿ ಕೂಗಿದರೆ ಪಕ್ಕದ ಗಾಡಿಯವನ ಕೂಗೂ ಬದಲಾಗುತ್ತಲ್ಲ, ಥೇಟ್ ಹಾಗೇ.

ಯಾಕೆ ಇಳಿಸುತ್ತಿದ್ದರು? ಧರ್ಮಕ್ಕಲ್ಲ. ಮಶಿನ್ ಮಾರಿ ಲಾಭ ಮಾಡುವುದು ಈ ಧಂದೆಯ ಮೂಲವೇ ಅಲ್ಲ. ಮಶಿನ್ ಮನೆಯೊಳಗೆ ಹೋದ ಮೇಲೆ ಮಾರಾಟವಾಗುವ ಪ್ರತಿ ಗೇಮ್‌ನಲ್ಲೂ ಅವರಿಗೆ ಪಾಲು ಬರುತ್ತೆ. ಅದಕ್ಕೆ ಬೇಗ ಬೇಗ ಹೆಚ್ಚು ಮನೆಗಳಿಗೆ ಮಶಿನ್ ನುಗ್ಗಿಸಬೇಕು. ಮೊದಲ ವರ್ಷ ಬೆಲೆ ನೋಡದ ಹುಚ್ಚರು ಕೊಳ್ಳುತ್ತಾರೆ. ಅವರು ಮುಗಿದ ಮೇಲೆ ಇಳಿಸು, ಮಧ್ಯಮ ವರ್ಗ ಬರುತ್ತೆ. ಇನ್ನೂ ಇಳಿಸು, ಚಿಕ್ಕ ಮಕ್ಕಳ ಅಪ್ಪಂದಿರು ಬರುತ್ತಾರೆ. ಅಂದರೆ ನೀವು, ಉಣಕಲ್ ಸರ್. ಸಂಕಟ ಏನಂದರೆ ನಿಮ್ಮ ಪಾಳಿ ಬರುವ ಹೊತ್ತಿಗೆ ಆಟದ ನಿಯಮವೇ ಬದಲಾಗಿದೆ.

ಗೋಕುಲ್ ರೋಡ್ ಪಂಟರ್

ಅಣ್ಣಾ ಇಷ್ಟೆಲ್ಲ ಹೇಳಿ ಕೊನೆಗೆ ನಿಯಮ ಬದಲಾಗಿದೆ ಅಂದ್ರೆ ಹೆಂಗೆ? ಗೇಮ್‌ನಲ್ಲಿ ಪಾಲು ಈಗಲೂ ಬರುತ್ತಲ್ವಾ? ಈಗಂತೂ ಡಿಸ್ಕ್ ಇಲ್ದೇ ಆನ್‌ಲೈನ್ ಮಾರ್ತಾರೆ, ಇನ್ನೂ ಜಾಸ್ತಿ ಬರಬೇಕು.

ಹಳೇ ಕ್ಯಾಸೆಟ್ (ಧಾರವಾಡ)

ಬರುತ್ತೆ. ಅಂಗಡಿಯವನ ಪಾಲು, ಡಿಸ್ಕ್ ಒತ್ತುವ ಖರ್ಚು, ಲಾರಿ ಬಾಡಿಗೆ ಎಲ್ಲ ಉಳಿಯುತ್ತೆ. ಆದರೂ ಇಳಿಸುತ್ತಿಲ್ಲ. ಬರೀ ಇಳಿಸುತ್ತಿಲ್ಲ ಅಲ್ಲ, ಏರಿಸುತ್ತಿದ್ದಾರೆ. ಪಿಎಸ್5 ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ ಬಂದಾಗ 49,990. 2022ರ ನವೆಂಬರ್‌ನಿಂದ 54,990. ಅಮೆರಿಕದಲ್ಲಿ ಇಷ್ಟು ವರ್ಷ ಮುಟ್ಟದೇ ಇಟ್ಟಿದ್ದ ಬೆಲೆಯನ್ನೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು, 549.99 ಆಯ್ತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅಲ್ಲಿ 2025 ಒಂದೇ ವರ್ಷದಲ್ಲಿ ಎರಡು ಸಲ ಏರಿ 499ರಿಂದ 649ಕ್ಕೆ ಹೋಯ್ತು. ಎಂಟು ವರ್ಷದ ಹಳೇ ನಿಂಟೆಂಡೊ ಸ್ವಿಚ್ ಕೂಡ ಆಗಸ್ಟ್‌ನಲ್ಲಿ 299ರಿಂದ 339ಕ್ಕೆ ಏರಿತು. ನಮ್ಮ ಕಾಲದಲ್ಲಿ ಎಂಟು ವರ್ಷದ ಕನ್ಸೋಲ್ ಅಂದರೆ ಗುಜರಿ ರೇಟು!

ಯಾಕೆ ಅನ್ನುವುದನ್ನು ಚಿಪ್ ಗೊತ್ತಿದ್ದವರು ಹೇಳಲಿ. ನಂಗೆ ಕಥೆ ಗೊತ್ತು, ಕಾರ್ಖಾನೆ ಗೊತ್ತಿಲ್ಲ.

ಶಂಕರಪೋಳಿ (ವಿದ್ಯಾನಗರ)

ನಾನು ಎಲೆಕ್ಟ್ರಾನಿಕ್ಸ್ ಓದುವ ಹುಡುಗ, ಹೆಸರು ನೋಡಿ ನಗಬೇಡಿ. ಈ ವಿಷಯ ತಿಳಿಸಲು ಇದಕ್ಕಿಂತ ಒಳ್ಳೆ ಹೆಸರಿಲ್ಲ.

ದೀಪಾವಳಿಗೆ ಅಮ್ಮ ಶಂಕರಪೋಳಿ ಮಾಡುವುದನ್ನು ನೋಡಿದ್ದೀರಲ್ವಾ? ಮೈದಾ ನಾದಿ ದೊಡ್ಡ ಹಾಳೆ ಲಟ್ಟಿಸಿ ಚೌಕ ಚೌಕ ಕೊಯ್ಯುತ್ತಾರೆ. ಚೌಕ ಸಣ್ಣದು ಮಾಡಿದರೆ ಅದೇ ಹಾಳೆಯಲ್ಲಿ ಜಾಸ್ತಿ ತುಂಡು. ಹಾಳೆಯಲ್ಲಿ ಎಲ್ಲೋ ಒಂದು ಕಡೆ ಗಂಟು ಇದ್ದರೆ ಆ ಒಂದು ತುಂಡು ಮಾತ್ರ ಹೋಗುತ್ತೆ. ತುಂಡು ದೊಡ್ಡದಿದ್ದರೆ ನಷ್ಟವೂ ದೊಡ್ಡದು. ಚಿಪ್ ಮಾಡುವುದೂ ಹೀಗೇ. ದುಂಡನೆಯ ಸಿಲಿಕಾನ್ ಬಿಲ್ಲೆ, ಅದರ ಮೇಲೆ ನೂರಾರು ಚಿಪ್. ಒಳಗಿನ ಗೆರೆಗಳು ಸಣ್ಣಗಾದಷ್ಟೂ ಅದೇ ಚಿಪ್ ಕಡಿಮೆ ಜಾಗದಲ್ಲಿ ಕೂರುತ್ತೆ. ಬಿಲ್ಲೆಯ ಬೆಲೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಒಂದೊಂದು ಚಿಪ್ ಅಗ್ಗ.

ಪಿಎಸ್2, ಪಿಎಸ್3 ಕಾಲದಲ್ಲಿ ಹೀಗೇ ನಡೆಯಿತು. ಪಿಎಸ್2ನಲ್ಲಿ ಮೊದಲು ಬೇರೆ ಬೇರೆ ಇದ್ದ ಎರಡು ಮುಖ್ಯ ಚಿಪ್‌ಗಳನ್ನು ಆಮೇಲೆ ಒಂದೇ ಚಿಪ್ ಮಾಡಿದರು. ಪಿಎಸ್3ಯ ಸೆಲ್ ಚಿಪ್ 90 ನ್ಯಾನೋಮೀಟರ್ (ಗೆರೆ ಎಷ್ಟು ಸಣ್ಣ ಅನ್ನುವ ಅಳತೆ) ತಂತ್ರದಲ್ಲಿ ಶುರುವಾಗಿ 65ಕ್ಕೆ, ಆಮೇಲೆ 45ಕ್ಕೆ ಬಂತು. ಚಿಪ್ ಸಣ್ಣದಾದರೆ ಕರೆಂಟು ಕಡಿಮೆ ಸಾಕು. ಕರೆಂಟು ಕಡಿಮೆಯಾದರೆ ಬಿಸಿ ಕಡಿಮೆ. ಆಗ ಫ್ಯಾನ್ ಚಿಕ್ಕದು, ಡಬ್ಬಿ ಚಿಕ್ಕದು, ಹಡಗಿನಲ್ಲಿ ಒಂದು ಕಂಟೇನರ್‌ಗೆ ಹಿಡಿಸುವ ಡಬ್ಬಿಗಳೂ ಜಾಸ್ತಿ. ಎಲ್ಲ ಕಡೆ ಉಳಿತಾಯ. ಅದೇ 'ಸ್ಲಿಮ್' ಮಾಡೆಲ್. 2009ರ ಸೆಪ್ಟೆಂಬರ್‌ನಲ್ಲಿ ಪಿಎಸ್3 ಸ್ಲಿಮ್ 299 ಡಾಲರ್‌ಗೆ ಬಂದಿದ್ದು ಈ ಲೆಕ್ಕದಿಂದ.

ಈಗ ಏನಾಗಿದೆ ಅಂದರೆ, ಗೆರೆ ಇನ್ನೂ ಸಣ್ಣ ಮಾಡುವ ಮಶಿನ್‌ಗಳು ಭಯಂಕರ ದುಬಾರಿ. ಹೊಸ ತಂತ್ರದಲ್ಲಿ ಬಿಲ್ಲೆಯ ಬೆಲೆಯೇ ಏರುತ್ತೆ. ತುಂಡು ಜಾಸ್ತಿ ಬಂದರೂ ಮೈದಾ ಮತ್ತು ಎಣ್ಣೆ ರೇಟು ಏರಿಬಿಟ್ಟರೆ ಶಂಕರಪೋಳಿ ಅಗ್ಗ ಆಗಲ್ಲ. 2022ರಲ್ಲಿ ಪಿಎಸ್5 ಚಿಪ್ 7ರಿಂದ 6 ನ್ಯಾನೋಮೀಟರ್‌ಗೆ ಬಂತು, ಒಳಗಿನ ಶಾಖ ಹೀರುವ ಲೋಹದ ಗಟ್ಟಿ ಚಿಕ್ಕದಾಯ್ತು, ತೂಕ ಇಳಿಯಿತು. ಅದೇ ವರ್ಷ ಬೆಲೆ ಏರಿತು! ಈಗ ಎಐ ಡೇಟಾ ಸೆಂಟರ್‌ನವರು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡು ಹೋಗುತ್ತಿದ್ದಾರೆ, ಅದರ ರೇಟು ಬೇರೆ ಏರುತ್ತಿದೆ. ಪಿಎಸ್5ನಲ್ಲಿ 16 ಜಿಬಿ ಮೆಮೊರಿ ಇದೆ, ಮೇಲೆ ಗೇಮ್ ತುಂಬಿಡುವ ಎಸ್‌ಎಸ್‌ಡಿ. ಎರಡೂ ಅದೇ ಸಂತೆಯಿಂದ ಬರಬೇಕು. ಹಾಗಾಗಿ 40 ಸಾವಿರದ ಆಸೆ ಬಿಡಿ ಸರ್.

ಸಪ್ತಾಪುರ ಅಕ್ಕ (ಧಾರವಾಡ)

ಶಂಕರಪೋಳಿ ತಮ್ಮಾ, ನಮ್ಮ ಮನೆಯಲ್ಲಿ ಅದನ್ನು ಚಕ್ರದಿಂದ ಕೊಯ್ಯುತ್ತೇವೆ, ಅಂಚು ಹಲ್ಲು ಹಲ್ಲು ಬರುತ್ತೆ. ಚಿಪ್ ಬಗ್ಗೆ ನಂಗೆ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ನಿಮ್ಮ ಅಮ್ಮನಿಗೆ ನಮಸ್ಕಾರ ತಿಳಿಸು.

ಉಣಕಲ್ ಸರ್, ನನ್ನದೊಂದು ಮಾತು. ಮಶಿನ್ ಬೆಲೆ ಒಂದೇ ನೋಡಬೇಡಿ. ನನ್ನ ಮಗನಿಗೆ ಕೊಡಿಸಿ ಎರಡು ವರ್ಷ ಆಯ್ತು. ದೊಡ್ಡ ಹೊಸ ಗೇಮ್ ಒಂದಕ್ಕೆ 4,999. ಆನ್‌ಲೈನ್ ಆಡಲು ವರ್ಷದ ಚಂದಾ ಬೇರೆ. ಎರಡನೇ ಕಂಟ್ರೋಲರ್ ಬೇರೆ, ಯಾಕಂದ್ರೆ ತಂಗಿ ಸುಮ್ನೆ ಕೂರಲ್ಲ. ಮಶಿನ್ ಮೇಲೆ ಐದು ಸಾವಿರ ಉಳಿಸಲು ಆರು ತಿಂಗಳು ಕಾದು, ಆಮೇಲೆ ಒಂದೇ ಗೇಮ್‌ನಲ್ಲಿ ಅಷ್ಟೂ ಹೋಯ್ತು.

ಕೊಪ್ಪೀಕರ್ ಕೌಂಟರ್ (ಹುಬ್ಬಳ್ಳಿ)

ನಾನು ಅಂಗಡಿಯವನು. ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಬೆಲೆ ಇಳಿದರೆ ನಿಮಗೆ ಹಬ್ಬ, ನಮಗೆ ಎದೆಬಡಿತ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಕಂಪನಿ ಯಾವುದು, ವಿತರಕ ಯಾರು ಅಂತ ಕೇಳಬೇಡಿ. ಹಬ್ಬದ ಮುಂಚೆ ಏಳು ಕನ್ಸೋಲ್ ತರಿಸಿ ಕೌಂಟರ್ ಹಿಂದೆ ಪೇರಿಸಿದ್ದೆ. ಶುಕ್ರವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಫೋನ್ ಬಂತು, "ನಾಳೆಯಿಂದ ನಾಲ್ಕು ಸಾವಿರ ಕಡಿಮೆ." ನಾನು ಕೊಂಡಿದ್ದು ಹಳೇ ರೇಟಿಗೆ. ಶನಿವಾರ ಬೆಳಿಗ್ಗೆ ಶಟರ್ ಎತ್ತುವುದರೊಳಗೆ ಇಬ್ಬರು ಹುಡುಗರು ಮೊಬೈಲ್‌ನಲ್ಲಿ ಹೊಸ ಬೆಲೆ ಹಿಡಿದುಕೊಂಡು ನಿಂತಿದ್ದರು. ಇಂಥ ಸಮಯಕ್ಕೆ ಅಂತ ಒಂದು ಪದ್ಧತಿ ಇದೆ. ಸ್ಟಾಕಿನಲ್ಲಿ ಉಳಿದ ಪೀಸಿಗೆ ವ್ಯತ್ಯಾಸದ ದುಡ್ಡು ಕ್ರೆಡಿಟ್ ನೋಟ್ ರೂಪದಲ್ಲಿ ವಾಪಸ್ ಬರುತ್ತೆ. ಆದರೆ ಇಂತಿಷ್ಟು ದಿನದೊಳಗೆ ಕೊಂಡ ಮಾಲಿಗೆ ಮಾತ್ರ ಅನ್ನುವ ಷರತ್ತು. ನನ್ನ ಏಳರಲ್ಲಿ ಮೂರಕ್ಕೆ ಬಂತು. ನಾಲ್ಕಕ್ಕೆ ಬರಲಿಲ್ಲ. 16 ಸಾವಿರ ಕೈಬಿಟ್ಟಿತು. ಆ ದೀಪಾವಳಿ ಲಕ್ಷ್ಮೀಪೂಜೆ ದಿನ ಹಳೇ ಬಿಲ್ ಬುಕ್ ಮುಂದೆ ಇಟ್ಟುಕೊಂಡು ಕೂತಿದ್ದೆ.

ಕನ್ಸೋಲ್‌ನಲ್ಲಿ ನಮಗೆ ಉಳಿಯುವುದು ಎಷ್ಟು ಅಂದುಕೊಂಡಿದ್ದೀರಿ? ಕಂಟ್ರೋಲರ್‌ಗೆ ಹಾಕುವ ರಬ್ಬರ್ ಕವರ್ ಮಾರಿದರೂ ಅದಕ್ಕಿಂತ ಸಮಾಧಾನ. ಈಗ ನಾನು ಒಂದೋ ಎರಡೋ ಪೀಸು ಮಾತ್ರ ಇಡುತ್ತೇನೆ. ಉಳಿದಿದ್ದು ಆರ್ಡರ್ ಕೊಟ್ಟರೆ ತರಿಸುತ್ತೇನೆ.

ಬ್ಯಾಡಗಿ ಕೆಂಪು (ಹಾವೇರಿ ಜಿಲ್ಲೆ)

ಕೌಂಟರ್ ಕಾಕಾ, ನಿಮ್ಮ ಕಥೆ ಓದಿ ನಮ್ಮ ಮೆಣಸಿನಕಾಯಿ ಪೇಟೆ ನೆನಪಾಯ್ತು. ನಾಳೆ ದರ ಬೀಳುತ್ತೆ ಅಂತ ಗಾಳಿಸುದ್ದಿ ಎದ್ದರೆ ಸಾಕು, ಇವತ್ತಿನ ಟೆಂಡರ್‌ಗೆ ಯಾರೂ ಒಳ್ಳೆ ರೇಟು ಬರೆಯಲ್ಲ. ಚೀಲ ಹಾಗೇ ಉಳಿಯುತ್ತೆ. ಕೋಲ್ಡ್ ಸ್ಟೋರೇಜ್‌ಗೆ ಹಾಕಿದರೆ ಅದಕ್ಕೆ ಬಾಡಿಗೆ.

ಕನ್ಸೋಲ್ ಕಂಪನಿಯವರು ಕೊನೆಯ ಗಂಟೆವರೆಗೂ "ಬೆಲೆ ಇಳಿಸುವ ವಿಚಾರ ಇಲ್ಲ" ಅಂತಲೇ ಹೇಳುವುದು ಅದಕ್ಕೇ ಅನ್ಸುತ್ತೆ. ಒಂದು ತಿಂಗಳು ಮುಂಚೆ ಹೇಳಿಬಿಟ್ಟರೆ ಆ ತಿಂಗಳು ಪೂರಾ ಯಾರೂ ಕೊಳ್ಳಲ್ಲ. ನನಗೆ ಗೇಮ್ ಗೊತ್ತಿಲ್ಲ, ತಮ್ಮನ ಮೊಬೈಲ್‌ನಲ್ಲಿ ಈ ಚರ್ಚೆ ನೋಡಿ ಬಂದೆ. ಆದರೆ ದರದ ಗಾಳಿ ಮಾತ್ರ ಚೆನ್ನಾಗಿ ಗೊತ್ತು.

ಹಳೇ ಕ್ಯಾಸೆಟ್ (ಧಾರವಾಡ)

ಬ್ಯಾಡಗಿ ಅಣ್ಣಾ, ಸರಿಯಾಗಿ ಹಿಡಿದಿರಿ. ಕಂಪ್ಯೂಟರ್ ಲೋಕದಲ್ಲಿ ಆಸ್ಬೋರ್ನ್ ಅಂತ ಕಂಪನಿ ಇತ್ತು. ಇನ್ನೂ ತಯಾರಾಗದ ಹೊಸ ಮಾಡೆಲ್ ಬಗ್ಗೆ ಮೊದಲೇ ಬಾಯಿಬಿಟ್ಟು, ಇದ್ದ ಮಾಲು ಮಾರಾಟವಾಗದೆ 1983ರಲ್ಲಿ ದಿವಾಳಿ ಎದ್ದಿತು ಅಂತ ಈಗಲೂ ಹೇಳುತ್ತಾರೆ. ಅಂದಿನಿಂದ ಎಲ್ಲರೂ ಬಾಯಿಗೆ ಬೀಗ.

ನಿಂಟೆಂಡೊ ಭಕ್ತ (ಗದಗ)

ಇದಕ್ಕೇ ನಾನು ನಿಂಟೆಂಡೊ ಮೆಚ್ಚುವುದು. ಅವರು ಬೆಲೆ ಇಳಿಸುವ ಆಟವನ್ನೇ ಆಡಲ್ಲ. ಯಾವತ್ತೂ ಇಳಿಸಿಲ್ಲ.

ಹಳೇ ಕ್ಯಾಸೆಟ್ (ಧಾರವಾಡ)

ಯಾವತ್ತೂ ಅನ್ನಬೇಡ ತಮ್ಮಾ. ಗೇಮ್‌ಕ್ಯೂಬ್ 149 ಆದ ಕಥೆ ಮೇಲೆಯೇ ಬರೆದಿದ್ದೇನೆ. 2003ರಲ್ಲಿ ಅದು 99ಕ್ಕೂ ಬಂತು. ವೀ (Wii) ಅನ್ನುವ ಕನ್ಸೋಲ್ 2009ರಲ್ಲಿ 249ರಿಂದ 199. ಎಲ್ಲಕ್ಕಿಂತ ದೊಡ್ಡದು ಕೈಯಲ್ಲಿ ಹಿಡಿದು ಆಡುವ 3ಡಿಎಸ್. ಅಮೆರಿಕದಲ್ಲಿ 2011ರ ಮಾರ್ಚ್‌ನಲ್ಲಿ 249 ಡಾಲರ್‌ಗೆ ಬಿಟ್ಟರು, ಆಗಸ್ಟ್‌ನಲ್ಲಿ 169. ಐದು ತಿಂಗಳೂ ತುಂಬಿರಲಿಲ್ಲ! ಜಪಾನ್‌ನಲ್ಲಿ 25,000 ಯೆನ್‌ನಿಂದ 15,000ಕ್ಕೆ. ಮೊದಲೇ ಕೊಂಡವರ ಹೊಟ್ಟೆ ಉರಿಯದಿರುತ್ತಾ? ಅವರಿಗೆ 20 ಹಳೇ ಗೇಮ್ ಪುಕ್ಕಟೆ ಕೊಟ್ಟರು. ಆಗಿನ ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳ ಅರ್ಧಕ್ಕೆ ಇಳಿಸಿಕೊಂಡರು.

ಆ ಇಳಿಕೆ ಫಲ ಕೊಟ್ಟಿತು, 3ಡಿಎಸ್ ಚೇತರಿಸಿಕೊಂಡಿತು. ಎಲ್ಲರಿಗೂ ಹಾಗಾಗಲ್ಲ. ಸೆಗಾ ಡ್ರೀಮ್‌ಕ್ಯಾಸ್ಟ್ 1999ರಲ್ಲಿ 199 ಡಾಲರ್, ಮುಂದಿನ ವರ್ಷ 149, 2001ರ ಫೆಬ್ರವರಿಯಲ್ಲಿ 99. ಆದರೆ ತಯಾರಿಕೆ ನಿಲ್ಲಿಸುತ್ತೇವೆ ಅಂತ ಜನವರಿ ಕೊನೆಯಲ್ಲೇ ಹೇಳಿಯಾಗಿತ್ತು. ಪಿಎಸ್2 ಬರುತ್ತೆ, ಡಿವಿಡಿಯೂ ಓಡಿಸುತ್ತೆ ಅಂತ ಜನ ಕಾಯುತ್ತಾ ಕೂತರು. ಇಳಿದ ಬೆಲೆ ನೋಡಿದರೆ ಕೆಲವೊಮ್ಮೆ ಜನ ಓಡಿ ಬರಲ್ಲ, "ಏನೋ ಎಡವಟ್ಟಾಗಿದೆ" ಅಂತ ದೂರ ಸರಿಯುತ್ತಾರೆ.

ನಿಂಟೆಂಡೊ ಭಕ್ತ (ಗದಗ)

ಸರಿ, 'ಯಾವತ್ತೂ' ವಾಪಸ್ ತಗೊಂಡೆ. ಆದರೆ ಸ್ವಿಚ್ ವಿಷಯದಲ್ಲಿ ನನ್ನ ಮಾತು ನಿಜವೇ. ಅಮೆರಿಕದಲ್ಲಿ ಬೆಲೆ ಇಳಿಸಲಿಲ್ಲ, ಅದರ ಬದಲು 2019ರಲ್ಲಿ 199 ಡಾಲರ್‌ನ ಲೈಟ್ ಮಾಡೆಲ್ ಬಿಟ್ಟರು. ಟಿವಿಗೆ ಜೋಡಿಸಲು ಬರಲ್ಲ, ಅದಕ್ಕೇ ಅಗ್ಗ. ಬೆಲೆ ಇಳಿಸುವ ಬದಲು ವಸ್ತುವನ್ನೇ ಇಳಿಸಿದರು. ನಮ್ಮ ದುರ್ದೈವ, ಸ್ವಿಚ್ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದೇ ಇಲ್ಲ. ಹೊರಗಿನಿಂದ ತರಿಸಿದವರು ಹೇಳಿದ್ದೇ ಬೆಲೆ.

ಶಂಕರಪೋಳಿ (ವಿದ್ಯಾನಗರ)

ಸೋನಿಯವರೂ ಆ ವಿದ್ಯೆ ಬಲ್ಲರು. 2006ರಲ್ಲಿ ಪಿಎಸ್3 60 ಜಿಬಿ ಮಾಡೆಲ್ 599 ಡಾಲರ್‌ಗೆ ಬಂದಾಗ, ಬಿಚ್ಚಿ ನೋಡಿದ ಐಸಪ್ಲೈ ಸಂಸ್ಥೆ ತಯಾರಿಕೆ ಖರ್ಚೇ 840 ಡಾಲರ್ ಅಂತ ಅಂದಾಜು ಹಾಕಿತ್ತು. ಮಾರಿದಷ್ಟೂ ನಷ್ಟ. ಆಮೇಲೆ 399ರ 40 ಜಿಬಿ ಮಾಡೆಲ್ ಬಂತು. ಹೇಗೆ? ಯುಎಸ್‌ಬಿ ನಾಲ್ಕರಿಂದ ಎರಡಾಯ್ತು. ಮೆಮೊರಿ ಕಾರ್ಡ್ ಹಾಕುವ ಕಿಂಡಿ ಹೋಯ್ತು. ಪಿಎಸ್2 ಗೇಮ್ ಓಡಿಸುವ ಚಿಪ್ ತೆಗೆದರು. ಎಕ್ಸ್‌ಬಾಕ್ಸ್ ಒನ್ ಕೂಡ 499ರಿಂದ 399ಕ್ಕೆ ಬಂದಿದ್ದು ಜೊತೆಗಿದ್ದ ಕಿನೆಕ್ಟ್ ಕ್ಯಾಮೆರಾ ತೆಗೆದಿದ್ದಕ್ಕೆ. ಈಗಿನ ಡಿಸ್ಕ್ ಇಲ್ಲದ ಪಿಎಸ್5 ಅದೇ ಮನೆತನದ್ದು.

ಸಪ್ತಾಪುರ ಅಕ್ಕ (ಧಾರವಾಡ)

ಬಿಸ್ಕಿಟ್ ಪ್ಯಾಕೆಟ್ ಬೆಲೆ ಅದೇ ಇಟ್ಟು ಒಳಗೆ ಎರಡು ಬಿಸ್ಕಿಟ್ ಕಡಿಮೆ ಮಾಡುತ್ತಾರಲ್ಲ, ಅದರ ದೊಡ್ಡಪ್ಪ ಇದು.

ಲೆಡ್ಜರ್ (ಗದಗ-ಬೆಟಗೇರಿ)

ಎಲ್ಲರೂ ಡಾಲರ್ ಮಾತಾಡುತ್ತಿದ್ದೀರಿ. ನಾನು ತೆರಿಗೆ ಲೆಕ್ಕ ಬರೆಯುವವನು, ರೂಪಾಯಿಗೆ ಬರುತ್ತೇನೆ. 2018ರ ಬಜೆಟ್‌ನಲ್ಲಿ ವಿಡಿಯೋ ಗೇಮ್ ಕನ್ಸೋಲ್ ಮೇಲಿನ ಆಮದು ಸುಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. 2019ರ ಜನವರಿಯಿಂದ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಒಂದು ಕೈ ಕೊಟ್ಟಿತು, ಒಂದು ಕೈ ಕಿತ್ತುಕೊಂಡಿತು. ಈ ದರದಲ್ಲಿ 100 ರೂಪಾಯಿ ಮಾಲು ಬಂದರಿಗೆ ಬಂದರೆ ಸುಂಕ ಸೇರಿ 120. ಜಿಎಸ್‌ಟಿ ಬೀಳುವುದು ಈ 120ರ ಮೇಲೆ. 141 ರೂಪಾಯಿ 60 ಪೈಸೆ. ಸಣ್ಣಪುಟ್ಟ ಸರ್‌ಚಾರ್ಜ್ ಹಿಡಿದಿಲ್ಲ, ಅಂಗಡಿಯವರ ಪಾಲು ಹಿಡಿದಿಲ್ಲ. ಇದರ ಮೇಲೆ ಡಾಲರ್ ಎದುರು ರೂಪಾಯಿ ಜಾರಿದರೆ ಅದೂ ನಮ್ಮ ತಲೆಗೇ. ಅಲ್ಲಿ ನಿಜವಾಗಿ ಇಳಿದರೂ ಇಲ್ಲಿಗೆ ಬರುವಷ್ಟರಲ್ಲಿ ಆ ಇಳಿಕೆ ಸವೆದು ಹೋಗಿರುತ್ತೆ.

ಗೋಕುಲ್ ರೋಡ್ ಪಂಟರ್

ಹಾಗಾದ್ರೆ ಯಾವ ದೇಶದಲ್ಲೂ ಇಳಿಸಲ್ವಾ? ಜಪಾನ್‌ನಲ್ಲಿ ಏನೋ ಇಳಿಸಿದ್ದಾರೆ ಅಂತ ರೀಲ್‌ನಲ್ಲಿ ನೋಡಿದೆ.

ನಿಂಟೆಂಡೊ ಭಕ್ತ (ಗದಗ)

ಹೌದು, ಅದು ಹೊಸ ಉಪಾಯ. ಯೆನ್ ಬೆಲೆ ಕುಸಿದಿದೆ, ಡಾಲರ್ ಲೆಕ್ಕದಲ್ಲಿ ಮಾರಿದರೆ ಅಲ್ಲಿಯವರಿಗೆ ಕೈಗೆಟುಕಲ್ಲ. ಸುಮ್ನೆ ಇಳಿಸಿದರೆ ಹೊರಗಿನವರು ಬಂದು ಬಾಚಿಕೊಂಡು ಹೋಗುತ್ತಾರೆ. ಅದಕ್ಕೆ ಸ್ವಿಚ್ 2ರಲ್ಲಿ ಜಪಾನಿ ಭಾಷೆ ಮಾತ್ರ ಇರುವ ಮಾಡೆಲ್ ಮಾಡಿ 49,980 ಯೆನ್‌ಗೆ ಬಿಟ್ಟರು. ಎಲ್ಲ ಭಾಷೆ ಇರುವುದು 69,980. ಸೋನಿಯೂ 2025ರ ನವೆಂಬರ್‌ನಲ್ಲಿ ಜಪಾನಿ ಮಾತ್ರ ಇರುವ ಡಿಸ್ಕ್ ಇಲ್ಲದ ಪಿಎಸ್5 ಅನ್ನು 55,000 ಯೆನ್‌ಗೆ ತಂದಿತು. ಭಾಷೆಯೇ ಬೇಲಿ.

ಸಪ್ತಾಪುರ ಅಕ್ಕ (ಧಾರವಾಡ)

ಕನ್ನಡ ಮಾತ್ರ ಇರುವ ಪಿಎಸ್5 ಮಾಡಿ 35 ಸಾವಿರಕ್ಕೆ ಕೊಡಲಿ ನೋಡೋಣ. ಬೆಂಗಳೂರಿನಲ್ಲಿ ಎಷ್ಟು ಜನ ಮೆನು ಓದಲು ಬಾರದೆ ನಮಗೆ ಫೋನ್ ಮಾಡ್ತಾರೆ ಅಂತ ಲೆಕ್ಕ ಹಾಕಬಹುದು.

ಲೆಡ್ಜರ್ (ಗದಗ-ಬೆಟಗೇರಿ)

ಅಕ್ಕಾ 😄 ಅದರಲ್ಲಿ ಧಾರವಾಡ ಕನ್ನಡ ಹಾಕಿದರೆ ಇನ್ನೂ ಎರಡು ಸಾವಿರ ಕಡಿಮೆ ಮಾಡಬೇಕು.

ತಾಸಿಗೆ ಇಪ್ಪತ್ತು (ಹುಬ್ಬಳ್ಳಿ)

ನಾನೊಬ್ಬ ಬೆಲೆ ಇಳಿದು ಹಾಳಾದವನು, ನನ್ನದೂ ಕೇಳಿ.

ಕಾಲೇಜುಗಳ ಹತ್ತಿರ ಒಂದು ಮಳಿಗೆಯಲ್ಲಿ ಗೇಮ್ ಪಾರ್ಲರ್ ಇಟ್ಟಿದ್ದೆ. ನಾಲ್ಕು ಪಿಎಸ್2, ನಾಲ್ಕು ಡಬ್ಬಾ ಟಿವಿ, ತಾಸಿಗೆ ಇಪ್ಪತ್ತು ರೂಪಾಯಿ. ಮಶಿನ್‌ಗಳು ಮುಂಬೈನಿಂದ ರಾತ್ರಿ ಬಸ್ಸಿನಲ್ಲಿ ಬಂದವು, ಚಿಪ್ ಹಾಕಿಸಿದ್ದು. ಅಂದರೆ ನಕಲಿ ಡಿಸ್ಕ್ ಓಡುತ್ತಿದ್ದವು. ತಪ್ಪೇ, ಒಪ್ಪಿಕೊಳ್ಳುತ್ತೇನೆ. ಡಿಸ್ಕ್ ಓದದೆ ಕಟಕಟ ಅಂದರೆ ಮೇಲಿನ ಮುಚ್ಚಳ ಬಿಚ್ಚಿ, ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಹಚ್ಚಿ, ಲೆನ್ಸ್ ಮೇಲೆ ಬೆಣ್ಣೆ ಸವರಿದಷ್ಟು ಹಗುರಾಗಿ ಒರೆಸಬೇಕು. ಜೋರು ಒತ್ತಿದಿರೋ, ಲೆನ್ಸ್ ಹೋಯ್ತು. ದಿನಕ್ಕೆ ಎರಡು ಸಲ ಈ ಪೂಜೆ. ಸಂಜೆ ಆರರ ಮೇಲೆ ಹುಡುಗರು ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಸೋತವನು ಏಳಬೇಕು, ಗೆದ್ದವನು ಕೂರಬೇಕು.

ವರ್ಷ ವರ್ಷ ಪಿಎಸ್2 ಬೆಲೆ ಇಳಿಯುತ್ತಾ ಹೋಯಿತು. ಮೊದಲು ಖುಷಿಪಟ್ಟೆ, ಹೊಸ ಮಶಿನ್ ಅಗ್ಗಕ್ಕೆ ಸಿಗುತ್ತೆ ಅಂತ. ಆಮೇಲೆ ಗೊತ್ತಾಯ್ತು, ಅದು ಎಲ್ಲರಿಗೂ ಅಗ್ಗಕ್ಕೆ ಸಿಗುತ್ತಿದೆ ಅಂತ. ದಿನಾ ಬರುತ್ತಿದ್ದ ಹುಡುಗನೊಬ್ಬ ಒಂದು ವಾರ ಕಾಣಲಿಲ್ಲ. ಮೈಗೆ ಹುಷಾರಿಲ್ವೇನೋ ಅಂದುಕೊಂಡೆ. ಎದುರಿಗೆ ಸಿಕ್ಕಾಗ ನಾಚಿಕೊಂಡು ಹೇಳಿದ, "ಅಣ್ಣಾ, ಪಪ್ಪಾ ಮನೆಗೇ ತಂದ್ರು." ಹಾಗೆ ಒಬ್ಬೊಬ್ಬರೇ.

ಇನ್ನೊಂದು ನನ್ನ ಅನುಮಾನ. ನಮ್ಮಲ್ಲಿ ಐವತ್ತು ರೂಪಾಯಿಗೆ ನಕಲಿ ಡಿಸ್ಕ್ ಸಿಗುತ್ತಿತ್ತು. ಮಶಿನ್ ಅಗ್ಗ ಕೊಟ್ಟು ಗೇಮ್‌ನಲ್ಲಿ ಗಳಿಸುವ ಅವರ ಲೆಕ್ಕ ನಮ್ಮ ಊರಲ್ಲಿ ನಡೆಯುತ್ತಲೇ ಇರಲಿಲ್ಲ. ಅಸಲಿ ಡಿಸ್ಕ್ ಕೊಳ್ಳದವನಿಗೆ ಕಂಪನಿ ಮಶಿನ್ ಮೇಲೆ ಯಾಕೆ ನಷ್ಟ ಮಾಡಿಕೊಳ್ಳಬೇಕು? 2007ರಲ್ಲಿ ಪಿಎಸ್3 ಇಲ್ಲಿ 39,990ಕ್ಕೆ ಬಂದಾಗ ನಾನು ಬೈದುಕೊಂಡಿದ್ದೆ. ಈಗ ಯೋಚಿಸಿದರೆ, ಆ ಬೆಲೆಯಲ್ಲಿ ನಮ್ಮಂಥವರ ಪಾಲೂ ಇತ್ತೇನೋ.

ಕೊಪ್ಪೀಕರ್ ಕೌಂಟರ್ (ಹುಬ್ಬಳ್ಳಿ)

ಆ ಮೆಟ್ಟಿಲು ನನಗೆ ಗೊತ್ತು ಅನ್ಸುತ್ತೆ. ಕೆಳಗೆ ಝೆರಾಕ್ಸ್ ಅಂಗಡಿ ಇತ್ತಲ್ವಾ?

ತಾಸಿಗೆ ಇಪ್ಪತ್ತು (ಹುಬ್ಬಳ್ಳಿ)

ಹೌದ್ರಿ! ಝೆರಾಕ್ಸಿನವರ ಕರೆಂಟಿಗೇ ನಮ್ಮ ನಾಲ್ಕು ಟಿವಿ ಜೋತು ಬಿದ್ದಿದ್ದವು. ಜಾಸ್ತಿ ಬರೆಯಬೇಡಿ.

ಉಣಕಲ್ ಸಂಜೆ (ಹುಬ್ಬಳ್ಳಿ)

ನಾನು ಒಂದು ಸಾಲಿನ ಉತ್ತರ ಕೇಳಿದ್ದೆ, ನೀವೆಲ್ಲ ಸೇರಿ ಪುರಾಣ ಓದಿಸಿದಿರಿ. ರಾತ್ರಿ ಊಟಕ್ಕೆ ಕೂತಾಗ ಮಗನಿಗೆ 3ಡಿಎಸ್ ಕಥೆ ಹೇಳಿದೆ. "ಪಪ್ಪಾ, ನೀನೂ ಸಂಬಳ ಅರ್ಧ ಮಾಡಿಕೊಂಡರೆ ಭಿಶಿ ಹೇಗೆ ಕಟ್ತೀಯಾ?" ಅಂದ. ಉತ್ತರ ಇರಲಿಲ್ಲ.

ನನಗೆ ತಿಳಿದಿದ್ದು ಇಷ್ಟು. ದೊಡ್ಡ ಇಳಿಕೆ ಬರುವ ಸೂಚನೆ ಇಲ್ಲ. ಬಂದರೆ ಹಬ್ಬದ ಆಫರ್, ನಾಲ್ಕೈದು ಸಾವಿರ, ಕೆಲವೇ ದಿನ. ಸರಿ ತಾನೆ ಕೌಂಟರ್ ಅವರೇ?

ಕೊಪ್ಪೀಕರ್ ಕೌಂಟರ್ (ಹುಬ್ಬಳ್ಳಿ)

ಸರಿ. ಆಫರ್ ಬೇರೆ, ಬೆಲೆ ಇಳಿಕೆ ಬೇರೆ. ಆಫರ್‌ನಲ್ಲಿ ಪಟ್ಟಿ ಬೆಲೆ ಹಾಗೇ ಇರುತ್ತೆ, ಹತ್ತು ದಿನ ಬಿಟ್ಟು ಬೋರ್ಡ್ ತೆಗೆದರೆ ಮುಗೀತು. ಒಮ್ಮೆ ಇಳಿಸಿದ ಬೆಲೆ ಮತ್ತೆ ಏರಿಸುವುದು ಕಷ್ಟ, ಜನ ಬೈತಾರೆ. ಅದಕ್ಕೇ ಈಗ ಎಲ್ಲರಿಗೂ ಆಫರ್ ಮೇಲೆ ಪ್ರೀತಿ. 2023ರ ಜುಲೈ ಹೊತ್ತಿಗೆ 7,500 ಕಡಿತದಲ್ಲಿ ಕೊಟ್ಟಿದ್ದರು, ಹುಡುಗರು ಈಗಲೂ ಆ ರೇಟು ಕೇಳಿಕೊಂಡು ಬರುತ್ತಾರೆ.

ನನ್ನ ಮಾತು ಕೇಳುವುದಾದರೆ, ಸೆಕೆಂಡ್‌ಹ್ಯಾಂಡ್ ನೋಡಿ. ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರು ಮನೆಯಲ್ಲಿ ಬಿಟ್ಟು ಹೋಗಿರುತ್ತಾರೆ. ನನ್ನ ಅಂಗಡಿಗೆ ನಷ್ಟ, ಆದರೂ ಹೇಳುತ್ತಿದ್ದೇನೆ. ಅರ್ಧ ತಾಸು ಗೇಮ್ ಓಡಿಸಿ ಫ್ಯಾನ್ ಸದ್ದು ಕೇಳಿ. ಡಿಸ್ಕ್ ಮೂರು ಸಲ ಹಾಕಿ ತೆಗೆಯಿರಿ. ಕಂಟ್ರೋಲರ್ ಕಡ್ಡಿ ಮುಟ್ಟದೇ ಇದ್ದಾಗ ಆಟಗಾರ ತಾನೇ ನಡೆಯುತ್ತಿದ್ದರೆ ಬೇಡ. ಮೊದಲಿನವನ ಅಕೌಂಟ್ ಎದುರಿಗೇ ತೆಗೆಸಿ.

ಗೋಕುಲ್ ರೋಡ್ ಪಂಟರ್

ಸರ್... ನನ್ನ ಹತ್ರ ಒಂದು ಇದೆ. ಡಿಸ್ಕ್ ಮಾಡೆಲ್, 2022ರದ್ದು. ಜನವರಿಯಲ್ಲಿ ಪುಣೆಗೆ ಹೋಗ್ತಿದ್ದೀನಿ, ರೂಮಲ್ಲಿ ಜಾಗ ಇಲ್ಲ. 32ಕ್ಕೆ ಕೊಡ್ತೀನಿ, ಮೂರು ಗೇಮ್ ಸೇರಿ.

ಸಪ್ತಾಪುರ ಅಕ್ಕ (ಧಾರವಾಡ)

ಅಯ್ಯೋ! ಕಾಯಿರಿ ಕಾಯಿರಿ ಅಂದವನು ನೀನೇ ಅಲ್ವಾ?

ಗೋಕುಲ್ ರೋಡ್ ಪಂಟರ್

ಅಕ್ಕಾ, ಅವಾಗ ಮಾರುವ ವಿಚಾರ ಇರಲಿಲ್ಲ, ದೇವರಾಣೆ.

ಉಣಕಲ್ ಸಂಜೆ (ಹುಬ್ಬಳ್ಳಿ)

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಭಾನುವಾರ ಪಂಟರ್ ಮನೆಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವರ ಅಮ್ಮ ಗಿರ್ಮಿಟ್ ಮಾಡಿದ್ದರು. ಕೌಂಟರ್ ಹೇಳಿದ ಪರೀಕ್ಷೆ ಎಲ್ಲ ಮಾಡಿಸಿದೆ. ಡಿಸ್ಕ್ ಮೂರು ಸಲ ಅಂದರೆ ಮಗ ಐದು ಸಲ ಹಾಕಿ ತೆಗೆದ. ಮಾತಾಡಿ 30,500ಕ್ಕೆ ಮುಗಿಸಿದೆವು. ಉಳಿದ ದುಡ್ಡಿನ ಮೇಲೆ ಮನೆಯವಳ ಕಣ್ಣು ಆಗಲೇ ಬಿದ್ದಿದೆ, ಹೊಸ ಮಿಕ್ಸರ್ ಅಂತೆ.

ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ ಇಲ್ಲ. ಪಂಟರ್, ನಿಮ್ಮ ಟಿವಿ ಹಿಂದೆಯೇ ಉಳಿದಿದೆ ಅನ್ಸುತ್ತೆ, ಸ್ವಲ್ಪ ನೋಡಿ. ಇಲ್ಲಾಂದ್ರೆ ಕೌಂಟರ್ ಅವರೇ, ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೀತೀರಿ? ಮಗ ಶಾಲೆಗೆ ಹೋಗುವ ಮುಂಚೆಯೇ ಆಗಬೇಕಂತೆ.